ಮಗುವಿನ ಮಾತು ತಡವಾದಾಗ



ಈ ಅಂಕಣಕ್ಕೆ ಬರುವ ಪತ್ರಗಳು ಬಹುಮಟ್ಟಿಗೆ ಮಕ್ಕಳ ಓದು, ಊಟ, ಹಟಗಳಿಗೆ ಸಂಬಂಧಿಸಿದವು. ಈ ಬಾರಿ ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯಿಂದ ತಾಯಿಯೊಬ್ಬರು ಬರೆದ ಪತ್ರವನ್ನು ಓದಿದ ಮೇಲೆ, ಮಿಕ್ಕ ವಿಷಯಗಳನ್ನೆಲ್ಲ ಬದಿಗಿರಿಸಿ ಅದಕ್ಕೇ ಉತ್ತರಿಸಬೇಕೆನಿಸಿತು. ಹೆಸರು, ಊರು ಬೇಡವೆಂದು ಅವರು ಕೋರಿದ್ದಾರೆ. ಪತ್ರದ ಸಾರ ಹೀಗಿದೆ:

"ನನ್ನ ಮಗನಿಗೆ ಮೂರೂವರೆ ವರ್ಷ ತುಂಬಿತು. ಇನ್ನೂ ಅಮ್ಮ ಎಂದು ಕರೆದಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ. ಆದರೆ ದೂರದಲ್ಲಿ ಟ್ರ್ಯಾಕ್ಟರಿನ ಸದ್ದಾದರೆ ಬಾಗಿಲಿಗೆ ಓಡುತ್ತಾನೆ. ಟಿ.ವಿ.ಯ ಜಾಹೀರಾತಿನ ಹಾಡನ್ನು ಗುನುಗುತ್ತಾನೆ, ನೀರು ಬೇಕಾದರೆ ಮಾತ್ರ ನನ್ನ ಕೈ ಹಿಡಿದು ಕೊಡದ ಹತ್ತಿರ ಎಳೆದುಕೊಂಡು ಹೋಗುತ್ತಾನೆ. 'ನಿನ್ನ ಗಂಡನಿಗೂ ಐದು ವರ್ಷಕ್ಕೇ ಮಾತು ಬಂದದ್ದು, ಸುಮ್ಮನಿರು' ಎಂದು ಅತ್ತೆಯವರು ಹೇಳುತ್ತಾರೆ. ಹೊಗೆಸೊಪ್ಪಿನ ಕೆಲಸದಲ್ಲಿ ಮುಳುಗಿ ಮಗುವನ್ನು ಮಾತನಾಡಿಸಲಿಲ್ಲವೆಂದು ಅಕ್ಕಪಕ್ಕದವರು ನನ್ನನ್ನೇ ದೂರುತ್ತಾರೆ. ಜಾತ್ರೆಗೆ, ಗೃಹಪ್ರವೇಶಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ. ತಪ್ಪು ನನ್ನದೇ?"

ತಾಯಿ, ತಪ್ಪು ನಿಮ್ಮದಲ್ಲ. ಈ ಮಾತನ್ನು ಮೊದಲು ಹೇಳಿ, ಇದರ ಬೆನ್ನಿಗೇ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ: ಇನ್ನು ಸುಮ್ಮನಿರುವುದು ಸಲ್ಲದು. ಮಗುವನ್ನು ಕಣ್ಣಾರೆ ಕಾಣದೆ ಪತ್ರದ ಮೂಲಕವೇ ಇಂಥದೇ ತೊಂದರೆಯೆಂದು ನಿರ್ಣಯಿಸುವುದು ಯಾರಿಗೂ ಸಾಧ್ಯವಿಲ್ಲ. ಆದರೆ ನೀವು ಬರೆದಿರುವ ಲಕ್ಷಣಗಳು ತಜ್ಞರು ಕೂಡಲೇ ನೋಡಬೇಕಾದಂಥವು. ಏಕೆ ಎಂಬುದನ್ನು ನಿಮಗೂ, ನಿಮ್ಮಂತೆಯೇ ಮನಸ್ಸಿನಲ್ಲಿ ನೋಯುತ್ತಿರುವ ಇತರ ತಾಯಂದಿರಿಗೂ, ಮುಖ್ಯವಾಗಿ ಮನೆಯ ಹಿರಿಯರಿಗೂ ವಿವರಿಸುವುದು ಈ ಬರಹದ ಉದ್ದೇಶ.

ಮಾತು ಬರುವ ಕ್ರಮಕ್ಕೆ ಒಂದು ಸ್ಥೂಲವಾದ ಕಾಲಮಾನವುಂಟು. ಸುಮಾರು ಒಂದು ವರ್ಷಕ್ಕೆ ಮಗು ಹೆಸರು ಕೂಗಿದರೆ ತಿರುಗುತ್ತದೆ, ಬೇಕಾದುದನ್ನು ಬೆರಳಿನಿಂದ ತೋರಿಸತೊಡಗುತ್ತದೆ, ಅಮ್ಮ, ಅಜ್ಜಿ, ಬುವ್ವ ಎಂಬಂಥ ಒಂದೆರಡು ಪದಗಳನ್ನು ಆಡುತ್ತದೆ. ಎರಡು ವರ್ಷದ ಹೊತ್ತಿಗೆ "ಹಾಲು ಕೊಡು", "ತಾತ ಬಾ" ಎಂದು ಎರಡು ಪದಗಳನ್ನು ಜೋಡಿಸುತ್ತದೆ. ಮೂರು ವರ್ಷಕ್ಕೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮನೆಯವರಿಗೆ ಅರ್ಥವಾಗುವಂತೆ ಮಾತನಾಡುತ್ತದೆ. ಒಂದೆರಡು ತಿಂಗಳು ಹಿಂದುಮುಂದಾದರೆ ಗಾಬರಿ ಬೇಡ. ಆದರೆ ಹದಿನಾರು ತಿಂಗಳಾದರೂ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಕೂಡದಿದ್ದರೆ, ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹಿಂದಕ್ಕೆ ಹೋದರೆ, ಕಾಯದೆ ತೋರಿಸಬೇಕು.

ಮಾತು ತಡವಾಗುವುದಕ್ಕೆ ಕಾರಣ ಒಂದೇ ಅಲ್ಲ. ಮೊದಲನೆಯದು ಕಿವಿ. ಕೇಳದ ಮಗುವಿಗೆ ಮಾತು ಬಾರದು. ಬಾಗಿಲು ಬಡಿದರೆ ಬೆಚ್ಚುತ್ತದೆ, ಟ್ರ್ಯಾಕ್ಟರಿನ ಸದ್ದಿಗೆ ಓಡುತ್ತದೆ ಎಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿಯಿದೆಯೆಂದು ತಿಳಿಯಬಾರದು. ದೊಡ್ಡ ಸದ್ದು ಕೇಳಿಸಿ, ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರುವುದೂ ಉಂಟು. ಆದುದರಿಂದ ಎಲ್ಲಕ್ಕಿಂತ ಮುಂಚೆ ಶ್ರವಣ ಪರೀಕ್ಷೆ ಆಗಲೇಬೇಕು. ಮಾತನಾಡದ ಮಗುವಿನ ಕಿವಿಯನ್ನೂ ಯಂತ್ರದ ಸಹಾಯದಿಂದ ಅಳೆಯಬಹುದು. ಮಗು ನಿದ್ರಿಸುತ್ತಿರುವಾಗಲೇ ಆ ಪರೀಕ್ಷೆ ನಡೆಯುತ್ತದೆ, ನೋವಿರುವುದಿಲ್ಲ.

ಎರಡನೆಯದಾಗಿ, ಕಿವಿಯೂ ಬುದ್ಧಿಯೂ ಸರಿಯಿದ್ದು ಭಾಷೆಯೊಂದೇ ನಿಧಾನವಾಗಿ ಬರುವ ಮಕ್ಕಳಿದ್ದಾರೆ. ಇವರು ಮಾತಾಡದಿದ್ದರೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಬೆರಳು ತೋರುತ್ತಾರೆ, ಅಭಿನಯಿಸಿ ತಿಳಿಸುತ್ತಾರೆ. ಮೂರನೆಯದಾಗಿ ಉಚ್ಚಾರಣೆಯ ತೊಡಕು. "ರಾಜ" ಎನ್ನಲು "ಲಾಜ" ಎನ್ನುವ ಮೂರು ವರ್ಷದ ಮಗುವಿನ ಬಗೆಗೆ ಚಿಂತೆ ಬೇಡ, ಕನ್ನಡದ ರಕಾರ ಮಕ್ಕಳ ಬಾಯಲ್ಲಿ ತಡವಾಗಿ ಕೂಡುವ ಧ್ವನಿಗಳಲ್ಲೊಂದು. ನಾಲ್ಕನೆಯದು ಬುದ್ಧಿಯ ಬೆಳವಣಿಗೆಯೇ ಒಟ್ಟಾರೆ ನಿಧಾನವಾಗಿರುವುದು. ಐದನೆಯದು ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ.

ಆಟಿಸಂ ರೋಗವಲ್ಲ, ಅಂಟುವಂಥದಲ್ಲ. ಮಿದುಳು ಬೆಳೆಯುವ ಬಗೆಯೇ ಹುಟ್ಟಿನಿಂದ ಬೇರೆಯಾಗಿರುವ ಸ್ಥಿತಿ. ಇಂಥ ಮಗುವಿಗೆ ಮಾತು ಬಾರದಿರುವುದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಇನ್ನೊಬ್ಬರೊಡನೆ ಮನಸ್ಸನ್ನು ಹಂಚಿಕೊಳ್ಳುವ ಸಹಜವಾದ ಹಾದಿ ಸುಲಭವಾಗಿ ತೆರೆಯದಿರುವುದು. ಬೇರೆ ಮಗು ಆಕಾಶದಲ್ಲಿ ವಿಮಾನ ಕಂಡರೆ ಬೆರಳು ತೋರಿ ತಾಯಿಯ ಮುಖ ನೋಡುತ್ತದೆ. "ನೀನೂ ನೋಡು" ಎಂಬುದು ಅದರ ಅರ್ಥ. ಆಟಿಸಂ ಇರುವ ಮಗು ಬಹುಮಟ್ಟಿಗೆ ಹಾಗೆ ತೋರಿಸುವುದಿಲ್ಲ. ಬೇಕಾದುದಕ್ಕೆ ತಾಯಿಯ ಕೈಯನ್ನೇ ಹಿಡಿದು ಎಳೆಯುತ್ತದೆ. ಆಟಿಕೆಗಳನ್ನು ಸಾಲಾಗಿ ಜೋಡಿಸುವುದು, ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುವುದು, ಕೇಳಿದ ವಾಕ್ಯವನ್ನು ಹಾಗೆಯೇ ಮರುನುಡಿಯುವುದು, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುವುದು, ದಿನದ ಕ್ರಮ ಸ್ವಲ್ಪ ಬದಲಾದರೂ ಅತ್ತು ರಂಪ ಮಾಡುವುದು ಇತರ ಲಕ್ಷಣಗಳು. ಎಲ್ಲವೂ ಎಲ್ಲರಲ್ಲೂ ಇರುವುದಿಲ್ಲ. ಗಂಡುಮಕ್ಕಳಲ್ಲಿ ಇದನ್ನು ಹೆಚ್ಚಾಗಿ ಗುರುತಿಸಲಾಗುತ್ತದೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ವೇಳೆ ಗಮನಕ್ಕೆ ಬಾರದೆ ಹೋಗುತ್ತದೆ.

ಇನ್ನು ತಾಯಿಯನ್ನು ದೂರುವ ವಿಚಾರ. ಇದು ನಮ್ಮ ಊರುಗಳ ಅಜ್ಞಾನ ಮಾತ್ರವಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಈ ಸ್ಥಿತಿಯನ್ನು ಹನ್ನೊಂದು ಮಕ್ಕಳಲ್ಲಿ ಗುರುತಿಸಿ ಬರೆದ ಬಳಿಕ, ಅಲ್ಲಿನ ಪಂಡಿತರೇ ಎರಡು ದಶಕಗಳ ಕಾಲ ತಾಯಿಯ ಪ್ರೀತಿ ತಣ್ಣಗಿದ್ದುದೇ ಇದಕ್ಕೆ ಕಾರಣವೆಂದು ಸಾರಿದರು. ಎಷ್ಟೋ ತಾಯಂದಿರು ಆ ಅಪವಾದವನ್ನು ಹೊತ್ತು ಕೊರಗಿದರು. 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನೋವಿಜ್ಞಾನಿ, ತಾವೇ ಅಂಥ ಮಗುವಿನ ತಂದೆಯಾಗಿದ್ದವರು, ಇದು ಲಾಲನೆಯ ದೋಷವಲ್ಲ, ಶರೀರಕ್ಕೆ ಸಂಬಂಧಿಸಿದ್ದು ಎಂದು ಪುಸ್ತಕ ಬರೆದು ವಾದಿಸಿದರು. ನಂತರದ ಸಂಶೋಧನೆಗಳೆಲ್ಲ ಅದನ್ನೇ ದೃಢಪಡಿಸಿವೆ. ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ತಾಯಿ ಹೊಲಕ್ಕೆ ಹೋದುದರಿಂದ, ಗ್ರಹಣ ನೋಡಿದುದರಿಂದ, ಯಾರದೋ ದೃಷ್ಟಿ ತಾಗಿದುದರಿಂದ ಆಟಿಸಂ ಬರುವುದಿಲ್ಲ. ಚುಚ್ಚುಮದ್ದಿನಿಂದಲೂ ಬರುವುದಿಲ್ಲ. ಹಾಗೆಂದು ಸೂಚಿಸಿ 1998ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ ದಡಾರದ ಲಸಿಕೆಗೂ ಇದಕ್ಕೂ ಯಾವ ನಂಟೂ ಕಾಣಲಿಲ್ಲ.

ಹಿರಿಯರಲ್ಲಿ ಒಂದು ಬಿನ್ನಹ. ತಡವಾಗಿ ಮಾತು ಬಂದು ಮುಂದೆ ಚೆನ್ನಾಗಿಯೇ ಬಾಳಿದವರು ಪ್ರತಿ ಊರಿನಲ್ಲೂ ಇರುತ್ತಾರೆ, ನಿಜ. ಆದರೆ ಮಾತು ಬಾರದೆಯೇ ಉಳಿದವರನ್ನು ನಾವು ಉದಾಹರಣೆಗೆ ತೆಗೆದುಕೊಳ್ಳುವುದಿಲ್ಲ. ಎಳೆಯ ವಯಸ್ಸಿನಲ್ಲಿ ಮಿದುಳು ಭಾಷೆಯನ್ನು ಬೇಗ ಹೀರಿಕೊಳ್ಳುತ್ತದೆ. ಹದವಿರುವಾಗ ಬಿತ್ತಬೇಕೆಂಬುದನ್ನು ಒಕ್ಕಲು ಮಕ್ಕಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪರೀಕ್ಷೆ ಮಾಡಿಸಿ ಏನೂ ತೊಂದರೆ ಇಲ್ಲವೆಂದಾದರೆ ನಷ್ಟವಾಗುವುದು ಒಂದು ದಿನದ ಕೆಲಸ ಮಾತ್ರ. ತೊಂದರೆ ಇದ್ದೂ ಎರಡು ವರ್ಷ ಕಾದರೆ ಆ ಕಾಲ ಮರಳಿ ಬಾರದು. ಬಜೆ ತೇಯ್ದು ನಾಲಿಗೆಗೆ ಸವರುವುದು, ನಾಲಿಗೆಯ ಕೆಳಗಿನ ಎಳೆ ಕತ್ತರಿಸಿದರೆ ಮಾತು ಬರುವುದೆಂದು ನಂಬುವುದು ನಮ್ಮ ಕಡೆ ಬಹಳ ಹಿಂದಿನಿಂದ ಬಂದಿದೆ. ನಾಲಿಗೆಯ ಎಳೆ ಬಿಗಿಯಾಗಿದ್ದರೆ ಕೆಲವರಿಗೆ ಹಾಲು ಕುಡಿಯಲು ಅಥವಾ ಕೆಲವು ಅಕ್ಷರಗಳ ಉಚ್ಚಾರಣೆಗೆ ತೊಡಕಾಗಬಹುದು. ಆದರೆ ಭಾಷೆಯೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಹರಕೆ ಹೊರುವವರು ಹೊರಲಿ, ಗುರುಗಳ ಆಶೀರ್ವಾದ ಪಡೆಯಲಿ. ಆದರೆ ಅದು ತಜ್ಞರ ಬಳಿ ಹೋಗುವ ದಿನವನ್ನು ಮುಂದೂಡುವ ನೆಪವಾಗಬಾರದು.

ಈ ವಿಷಯದಲ್ಲಿ ಮೈಸೂರು ಸೀಮೆಯವರಾದ ನಾವು ಭಾಗ್ಯಶಾಲಿಗಳು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿಯೇ ಇದೆ. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆ ಕೇಂದ್ರ ಆರೋಗ್ಯ ಇಲಾಖೆಯ ಅಧೀನದ್ದು. ದೇಶದ ನಾನಾ ಕಡೆಗಳಿಂದ ಜನರು ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾರೆ. ಪಿರಿಯಾಪಟ್ಟಣ, ಹುಣಸೂರುಗಳಿಂದ ಬಿಳಿಕೆರೆಯನ್ನು ಹಾದು ಮೈಸೂರಿಗೆ ಹೋಗುವ ಬಸ್ಸುಗಳನ್ನು ದಿನವೂ ಕಾಣುವ ನಮ್ಮವರಲ್ಲಿ ಎಷ್ಟೋ ಮಂದಿಗೆ, ಆ ದಾರಿಯ ಕೊನೆಯಲ್ಲಿ ತಮ್ಮ ಮಗುವಿಗೆ ನೆರವಾಗುವ ಮನೆಯೊಂದಿದೆ ಎಂಬುದೇ ತಿಳಿದಿಲ್ಲ. ಶ್ರವಣ ಪರೀಕ್ಷೆ, ಮಾತು ಮತ್ತು ಭಾಷೆಯ ಪರೀಕ್ಷೆ, ಮನೋವಿಜ್ಞಾನಿಗಳ ಪರೀಕ್ಷೆ, ಕಿವಿ ಮೂಗು ಗಂಟಲು ವೈದ್ಯರ ತಪಾಸಣೆ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿ ದೊರೆಯುತ್ತವೆ. ಕನ್ನಡದ ಮಕ್ಕಳನ್ನು ಇಂಗ್ಲಿಷಿನ ಅಳತೆಗೋಲಿನಿಂದ ಅಳೆಯಲಾಗದೆಂದು, ಕನ್ನಡದ್ದೇ ಉಚ್ಚಾರಣಾ ಪರೀಕ್ಷೆಯನ್ನು 1972ರಷ್ಟು ಹಿಂದೆಯೇ ಸಿದ್ಧಪಡಿಸಲಾಯಿತು. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವೂ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯೊಂದನ್ನು ನಡೆಸುತ್ತಿರುವುದು ನಮ್ಮ ಓದುಗರಿಗೆ ಸಂತೋಷದ ಸಂಗತಿ.

ಊರಿನಲ್ಲಿಯೇ ಮೊದಲ ಹೆಜ್ಜೆ ಇಡಬೇಕೆನ್ನುವವರು ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ. ಬೆಳವಣಿಗೆ ತಡವಾದ ಮಕ್ಕಳನ್ನು ಗುರುತಿಸಿ ಮುಂದಕ್ಕೆ ಕಳುಹಿಸುವುದೂ ಆ ತಂಡದ ಕೆಲಸ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಅಡಗಿಸಿಡದೆ ಕರೆದೊಯ್ಯಿರಿ.

ಮೈಸೂರಿಗೆ ಹೋಗುವ ದಿನ ಬೆಳಿಗ್ಗೆ ಬೇಗನೆ ಹೊರಡಿ. ಮಗುವಿನ ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಹೆರಿಗೆಯ ದಾಖಲೆಗಳು, ಪಡಿತರ ಚೀಟಿ, ಆಧಾರ್ ಇವುಗಳನ್ನು ಜೊತೆಗಿರಿಸಿಕೊಳ್ಳಿ. ಮಗು ಯಾವಾಗ ಕತ್ತು ನಿಲ್ಲಿಸಿತು, ಯಾವಾಗ ನಡೆಯಿತು, ಯಾವ ಪದ ಆಡಿತ್ತು, ಯಾವಾಗ ನಿಂತಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅಲ್ಲಿ ನೆನಪಿಗೆ ತಡಕಾಡಬೇಕಾಗದು. ಸಾಧ್ಯವಾದರೆ ಮಗುವಿನ ತಂದೆಯನ್ನೂ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ತಜ್ಞರು ಹೇಳಿದ್ದನ್ನು ತಾಯಿ ಮನೆಗೆ ಬಂದು ಒಬ್ಬಳೇ ಎಲ್ಲರಿಗೂ ಒಪ್ಪಿಸುವುದು ಕಷ್ಟ.

ವಾಕ್ ಚಿಕಿತ್ಸೆಯೆಂದರೆ ಮಗುವನ್ನು ಎದುರಿಗೆ ಕೂರಿಸಿ "ಅಮ್ಮ ಅನ್ನು, ಅಪ್ಪ ಅನ್ನು" ಎಂದು ಒತ್ತಾಯಿಸುವುದೆಂಬ ತಪ್ಪು ತಿಳಿವಳಿಕೆ ಇದೆ. ಮಾತಿಗೆ ಮುಂಚೆ ಮಾತಿನ ಬೇರು ಬರಬೇಕು. ಮುಖ ನೋಡುವುದು, ಸರದಿಗಾಗಿ ಕಾಯುವುದು, ಅನುಕರಿಸುವುದು, ಬೆರಳು ತೋರಿಸುವುದು, ಇವು ಆ ಬೇರುಗಳು. ಆದುದರಿಂದ ಚಿಕಿತ್ಸಕರು ನೆಲದ ಮೇಲೆ ಮಗುವಿನ ಮಟ್ಟಕ್ಕೆ ಕುಳಿತು ಆಟವಾಡುತ್ತಾರೆ. ನೋಡುವವರಿಗೆ ಅದು ಬರಿಯ ಆಟದಂತೆ ಕಾಣುತ್ತದೆ. ಚೆಂಡನ್ನು ಉರುಳಿಸುವ ಮುನ್ನ ತುಸು ತಡೆದು, ಮಗು ತಮ್ಮ ಮುಖ ನೋಡುವವರೆಗೂ ಕಾಯುತ್ತಾರೆ. ನೋಡಿದ ಕ್ಷಣವೇ "ಚೆಂಡು" ಎಂದು ಹೇಳಿ ಉರುಳಿಸುತ್ತಾರೆ. ನೋಡಿದರೆ ಫಲವುಂಟು, ಸದ್ದು ಮಾಡಿದರೆ ಫಲವುಂಟು, ಪದ ಆಡಿದರೆ ಫಲವುಂಟು ಎಂಬುದು ಮಗುವಿಗೆ ಮೆಟ್ಟಿಲು ಮೆಟ್ಟಿಲಾಗಿ ಮನದಟ್ಟಾಗುತ್ತದೆ.

"ನಿನಗೆ ನೀರು ಬೇಕಾ?" ಎಂದು ಕೇಳಿದರೆ ಕೆಲವು ಮಕ್ಕಳು "ನಿನಗೆ ನೀರು ಬೇಕಾ" ಎಂದೇ ಹಿಂದಿರುಗಿಸುತ್ತಾರೆ. ಮನೆಯವರು ಇದನ್ನು ಅಣಕವೆಂದು ಗದರಿಸುತ್ತಾರೆ. ಅದು ಅಣಕವಲ್ಲ, "ಹೌದು, ಬೇಕು" ಎನ್ನುವುದಕ್ಕೆ ಆ ಮಗುವಿಗೆ ಸಿಕ್ಕಿರುವ ದಾರಿ. ಆಗ ಪ್ರಶ್ನೆ ಕೇಳುವ ಬದಲು, ಮಗು ಆಡಬೇಕಾದ ಮಾತನ್ನೇ "ನೀರು ಬೇಕು" ಎಂದು ಹೇಳಿ ನೀರು ಕೊಟ್ಟರೆ, ಮರುನುಡಿಯುವ ಆ ಅಭ್ಯಾಸವೇ ಸರಿಯಾದ ಮಾತಿಗೆ ಸೇತುವೆಯಾಗುತ್ತದೆ. ಪತ್ರ ಬರೆದ ತಾಯಿಯ ಮಗ ಜಾಹೀರಾತಿನ ಹಾಡು ಗುನುಗುತ್ತಾನೆಂಬುದನ್ನು ನಾನು ಆಶಾದಾಯಕವಾಗಿಯೇ ಕಾಣುತ್ತೇನೆ. ಧ್ವನಿಯಿದೆ, ನೆನಪಿದೆ. ಅವೆರಡನ್ನೂ ಬೇಡಿಕೆಗೆ, ಬಾಂಧವ್ಯಕ್ಕೆ ಜೋಡಿಸಬೇಕಾಗಿದೆ.

ಎಲ್ಲ ಮಕ್ಕಳಿಗೂ ಮಾತು ಬಾಯಿಂದಲೇ ಬರಲಾರದು. ಅಂಥವರಿಗೆ ಚಿತ್ರಗಳ ಕಾರ್ಡು, ಕೈಸನ್ನೆ, ಮಾತನಾಡುವ ಉಪಕರಣಗಳನ್ನು ಕಲಿಸುತ್ತಾರೆ. ಚಿತ್ರವನ್ನು ಕೈಗಿತ್ತು ಬೇಕಾದುದನ್ನು ಪಡೆಯುವ ವಿಧಾನವೊಂದನ್ನು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಈಗ ಅದು ಎಲ್ಲೆಡೆ ಬಳಕೆಯಲ್ಲಿದೆ. ಚಿತ್ರ ಕೊಟ್ಟರೆ ಮಗು ಮಾತನ್ನೇ ಕಲಿಯದೆ ಸೋಮಾರಿಯಾಗುವುದೆಂಬ ಭಯ ಬೇಡ. ಅಂಥ ಹಾನಿ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಕೆಲವು ಮಕ್ಕಳಿಗೆ ಅದರಿಂದಲೇ ಮಾತಿನ ಬಾಗಿಲು ತೆರೆದಿದೆ. ಹೇಳಲಾಗದ ಸಂಕಟವೇ ಎಷ್ಟೋ ವೇಳೆ ಮಗುವಿನ ಕಿರುಚಾಟಕ್ಕೆ, ತಲೆ ಚಚ್ಚಿಕೊಳ್ಳುವುದಕ್ಕೆ ಕಾರಣ. ಹೇಳುವ ದಾರಿ ಸಿಕ್ಕಿದಾಗ ಅದು ತಗ್ಗುತ್ತದೆ.

ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ. ವಾರಕ್ಕೆ ಒಂದೆರಡು ಗಂಟೆ ಚಿಕಿತ್ಸಕರ ಮುಂದೆ ಕುಳಿತ ಮಾತ್ರಕ್ಕೆ ಭಾಷೆ ಬಾರದು. ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರಿಗೂ ಮಕ್ಕಳ ಜೊತೆಯಲ್ಲಿಯೇ ತರಬೇತಿ ನೀಡುವುದು ಇದಕ್ಕಾಗಿಯೇ. ಹಿಂದೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಮ್ ಡೀಲ್ ಕಾರ್ಯಕ್ರಮವು, ಎಳೆಯ ಮಕ್ಕಳಿಗೆ ಮಾತಿನ ಜೊತೆಗೆ ಚಲನೆ, ಬೆರೆಯುವಿಕೆ ಮುಂತಾದ ಹಲವು ಕೌಶಲಗಳನ್ನು ಒಟ್ಟಿಗೆ ಕಲಿಸುವ ಹಾದಿಯನ್ನು ತೋರಿಸಿತು. ಅಲ್ಲಿಯೂ ಹೆತ್ತವರಿಗೆ ದೊಡ್ಡ ಪಾಲಿದೆ.

ಮನೆಯಲ್ಲಿ ಮಾಡಬಹುದಾದುವು ದುಬಾರಿಯಲ್ಲ. ಮಗು ನೋಡುತ್ತಿರುವುದರ ಹೆಸರನ್ನೇ ಹೇಳಿ, ನಿಮಗೆ ಬೇಕಾದುದರ ಹೆಸರನ್ನಲ್ಲ. ವಾಕ್ಯ ಚಿಕ್ಕದಾಗಿರಲಿ: "ಹಸು ಬಂತು", "ರೊಟ್ಟಿ ಬೇಕು", "ಸಾಕು", "ಬೇಡ". ಹೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯಿರಿ. ಆ ಮಕ್ಕಳಿಗೆ ಉತ್ತರಿಸಲು ಸಮಯ ಬೇಕು. ಕೇಳುವ ಮುನ್ನವೇ ಎಲ್ಲವನ್ನೂ ಕೈಗೆ ಕೊಡಬೇಡಿ. ಬೆಲ್ಲದ ಡಬ್ಬಿಯನ್ನು ಕಾಣುವಂತೆ ಮೇಲಿಟ್ಟರೆ ಕೇಳುವ ಅಗತ್ಯ ಹುಟ್ಟುತ್ತದೆ. ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸಗಳು ಈ ಮಕ್ಕಳಿಗೆ ನೆಮ್ಮದಿ ತರುತ್ತವೆ. ನಮ್ಮ ಮನೆಗಳಲ್ಲಿ ಅಂಥ ಕ್ರಮ ಆಗಲೇ ಇದೆ. ಬೆಳಗಿನ ಲಿಂಗಪೂಜೆಯ ವೇಳೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ವಿಭೂತಿ", "ಹೂವು ಕೊಡು", "ಪತ್ರೆ ಕೊಡು" ಎಂದು ಅದೇ ಪದಗಳನ್ನು ಅದೇ ಕ್ರಮದಲ್ಲಿ ದಿನವೂ ನುಡಿಯಿರಿ. ಕೆಲವು ವಾರಗಳ ನಂತರ "ಹೂವು..." ಎಂದು ಅರ್ಧಕ್ಕೆ ನಿಲ್ಲಿಸಿ ಕಾಯಿರಿ. ಮಗು ಹೂವನ್ನು ಎತ್ತಿ ಕೊಟ್ಟರೆ ಅದೇ ಒಂದು ಉತ್ತರ. ಗಂಟೆಯ ಸದ್ದಿಗೆ ಅದು ಕಿವಿ ಮುಚ್ಚಿಕೊಂಡರೆ ಗಂಟೆ ಬೇಡ.

ಮೊಬೈಲಿನ ವಿಚಾರವನ್ನೂ ಹೇಳಬೇಕು. ಮೊಬೈಲಿನಿಂದ ಆಟಿಸಂ ಬಂತೆಂದು ತಾಯಿಯನ್ನು ದೂರುವುದು ಸರಿಯಲ್ಲ. ಆದರೆ ಪರದೆಯ ಮುಂದೆ ಕಳೆದ ಹೊತ್ತು ಮಾತುಕತೆಯಿಂದ ಕಳೆದುಹೋದ ಹೊತ್ತು. ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಮತ್ತೊಂದು ಮುಖ್ಯ ಸಂಗತಿ. ಮಾತು ತಡವಾದ ಮಗುವಿಗೆ ಒಂದೇ ಭಾಷೆ ಸಾಕು, ಮುಂದೆ ಶಾಲೆಗೆ ಅನುಕೂಲವಾದೀತೆಂದು ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಎಂದು ಸಲಹೆ ನೀಡುವವರಿದ್ದಾರೆ. ಎರಡು ಭಾಷೆಗಳಿಂದ ಮಾತು ತಡವಾಗುವುದೆಂಬುದಕ್ಕೆ ಆಧಾರವಿಲ್ಲ. ಅಜ್ಜಿ ಜೋಗುಳ ಹಾಡುವ, ತಾತ ಕಥೆ ಹೇಳುವ, ತಾಯಿ ಮುದ್ದಿಸುವ ಭಾಷೆಯೇ ಮಗುವಿಗೆ ಹೆಚ್ಚು ಮಾತು ಉಣಿಸುವ ಭಾಷೆ. ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ಹೆತ್ತವರು ತಡವರಿಸಿದರೆ ಮಗುವಿಗೆ ಸಿಗುವ ಮಾತೂ ಕಡಿಮೆಯಾಗುತ್ತದೆ. ಕನ್ನಡವನ್ನು ನಿಸ್ಸಂಕೋಚವಾಗಿ ಆಡಿ.

ಇಷ್ಟೆಲ್ಲ ಮಾಡಿದರೆ ಮಗು ಇತರರಂತಾಗುವುದೇ ಎಂದು ಕೇಳುವಿರಿ. ಸುಳ್ಳು ಭರವಸೆ ಕೊಡಲಾರೆ. ಆಟಿಸಂ ಗುಣವಾಗಿ ಹೋಗುವಂಥದಲ್ಲ, ಗುಣಪಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಚಿಕಿತ್ಸೆಯಿಂದ ಕೆಲವು ಮಕ್ಕಳು ಸಾಮಾನ್ಯ ಶಾಲೆಗೆ ಹೋಗುವಷ್ಟು ಮಾತು ಕಲಿಯುತ್ತಾರೆ, ಕೆಲವರು ಕೆಲವೇ ಪದಗಳಲ್ಲಿ ತಮ್ಮ ಅಗತ್ಯ ಹೇಳಿಕೊಳ್ಳುತ್ತಾರೆ, ಕೆಲವರು ಚಿತ್ರಗಳ ಮೂಲಕವೇ ಬಾಳುತ್ತಾರೆ. ಬೇಗ ಆರಂಭಿಸಿದವರಿಗೆ ಲಾಭ ಹೆಚ್ಚು. ಕಾನೂನೂ ಈಗ ಜೊತೆಗಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಅದರಡಿಯ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯುಂಟು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳಲ್ಲಿ ಆಟಿಸಮ್ಮನ್ನೂ, ಮಾತು ಮತ್ತು ಭಾಷೆಯ ನ್ಯೂನತೆಯನ್ನೂ ಹೆಸರಿಸಿದೆ. ಗುರುತಿನ ಚೀಟಿ ಮಾಡಿಸಿಕೊಳ್ಳಲು ನಾಚಬೇಕಾಗಿಲ್ಲ.

ಕೊನೆಯದಾಗಿ ಸಮಾಜಬಾಂಧವರಿಗೆ ಒಂದು ಮಾತು. ನಮ್ಮ ಶರಣರು ಹುಟ್ಟಿನಿಂದ ಯಾರನ್ನೂ ಅಳೆಯಲಿಲ್ಲ. ಕೊರಳಲ್ಲಿ ಲಿಂಗವಿರುವ ಮಗು ಮಾತಾಡದಿದ್ದರೂ ನಮ್ಮ ಪಂಕ್ತಿಯದೇ. ಮದುವೆಯ ಮನೆಯಲ್ಲಿ ಅಂಥ ಮಗು ಕಿರುಚಿದರೆ ತಾಯಿಯತ್ತ ತಿರುಗಿ ನೋಡಿ ಪಿಸುಗುಡುವ ಬದಲು, ಗದ್ದಲವಿಲ್ಲದ ಒಂದು ಕೋಣೆಯನ್ನು ತೋರಿಸಿ, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ ಕಳುಹಿಸಿಕೊಡಿ. ಅದೂ ದಾಸೋಹವೇ.

ಪತ್ರ ಬರೆದ ತಾಯಿ, ಜಾತ್ರೆಗೆ ಹೋಗುವುದನ್ನು ಬಿಟ್ಟೆನೆಂದು ಬರೆದಿದ್ದೀರಿ. ಮುಂದಿನ ವಾರವೇ ಮಗುವನ್ನು ಕರೆದುಕೊಂಡು ಮೈಸೂರಿನ ಬಸ್ಸು ಹತ್ತಿ. ಹೊಗೆಸೊಪ್ಪಿನ ಕೆಲಸ ಒಂದು ದಿನ ಕಾದೀತು. ಅತ್ತೆಯವರಿಗೆ ಈ ಪುಟವನ್ನು ಓದಿ ಹೇಳಿ, ಅವರನ್ನೂ ಜೊತೆಗೆ ಕರೆಯಿರಿ. ಮೊಮ್ಮಗನ ಮೇಲಿನ ಮಮತೆಯಿಂದಲೇ ಅವರು ಸುಮ್ಮನಿರು ಎಂದದ್ದು, ಅದೇ ಮಮತೆಯಿಂದಲೇ ಬಂದಾರು. ತಜ್ಞರು ಏನೆಂದರೆಂಬುದನ್ನು ಬರೆದು ತಿಳಿಸಿದರೆ, ಮುಂದಿನ ಹೆಜ್ಜೆಗಳ ಬಗೆಗೆ ಈ ಅಂಕಣದಲ್ಲಿಯೇ ಮತ್ತೆ ವಿಚಾರಿಸೋಣ.